ಹಿಂದೆ ಕಟ್ಟಿದ ಕೈ

ಪ್ರೀತಿಯ ಅತ್ತಿಗೆ,

ಅಣ್ಣ ಉಸಿರಿಗಾಗಿ ಒದ್ದಾಡುತ್ತಿದ್ದಾಗ ನಾನು ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದೆ ಎಂದು ಎಲ್ಲರಿಗೂ ಹೇಳುತ್ತಿದ್ದೀರಂತೆ. ನಿಜವೇ. ಎಮರ್ಜೆನ್ಸಿ ವಾರ್ಡಿನಲ್ಲಿ ಕಿರಿಯ ಡಾಕ್ಟರುಗಳಿಗೆ ಕಲಿಸುವಾಗ ನಾನು ನಿಲ್ಲುವುದೇ ಹಾಗೆ. ಅವರ ಕೈ ತಪ್ಪಿದರೆ ಮಾತ್ರ ನನ್ನದು ಮುಂದೆ ಬರುತ್ತದೆ.

"ಮೇಡಂ, ನಿಮ್ಮಣ್ಣ ಇವ್ರು, ನೀವೇ ಮಾಡಿ" ಎಂದು ಅವತ್ತಿದ್ದ ಕಿರಿಯ ಡಾಕ್ಟರ್ ಹುಡುಗಿ ಬೇಡಿಕೊಂಡಳು. "ನೀನೇ ಮಾಡಮ್ಮ, ನಾನಿಲ್ಲೇ ಇದೀನಿ" ಅಂದೆ. ಗಂಟಲಿಗೆ ಉಸಿರಾಟದ ಕೊಳವೆಯನ್ನು ಸಲೀಸಾಗಿ ಇಳಿಸಿದಳು. ಎಲ್ಲೂ ತಪ್ಪಲಿಲ್ಲ. ಅಣ್ಣನ ಹೃದಯವೇ ನಿಂತುಹೋಯಿತು.

ನಾಳೆ ಅವಳು ನಿಮ್ಮನ್ನು ನೋಡಲು ಬರುತ್ತಾಳೆ, ಬೇಡವೆಂದರೂ ಕೇಳಲಿಲ್ಲ. ಬಯ್ಯುವುದಿದ್ದರೆ ನನ್ನನ್ನು ಬಯ್ಯಿರಿ, ಅವಳನ್ನು ಕೂರಿಸಿ ಒಂದು ಲೋಟ ನೀರು ಕೊಡಿ.

ಒಂದು ವಿಷಯ ನಿಮಗೆ ಮಾತ್ರ ಹೇಳುತ್ತೇನೆ, ಅವಳ ಕಿವಿಗೆ ಹಾಕಬೇಡಿ. ಅವತ್ತು ನನ್ನ ಕೈ ನಡುಗುತ್ತಿತ್ತು. ಅವಳು ನೋಡಬಾರದೆಂದು ಹಿಂದೆ ಕಟ್ಟಿಕೊಂಡಿದ್ದೆ.

ನಿಮ್ಮ ನಾದಿನಿ