ಹಿತ್ತಲ ಬಾಗಿಲದ ಕೀಲಿ

ವಿದ್ಯಾಕ್ಕ,

ಹಿತ್ತಲ ಬಾಗಿಲದ ಕೀಲಿ ಹುಡುಕಬ್ಯಾಡ, ನಾನೇ ಒಯ್ದೇನಿ. ಫೀ ಏರಿಸಿದ್ದಕ್ಕ ಇವತ್ತು ನಾವು ಹುಡುಗೂರೆಲ್ಲ ನಮ್ಮ ಕಾಲೇಜ ಗೇಟಿಗೆ ಅದನ್ನ ಹಾಕಿ ಬಂದ್ ಮಾಡಾವ್ರದೇವಿ. ನೀ ಒಳಗಿನ ಚಿಲಕ ಹಾಕಿ ಮುಂದಿನ ಬಾಗಿಲದಿಂದ ಹೋಗು. ಹಾಲು ಕಾಸಿಟ್ಟೇನಿ, ಬೆಕ್ಕು ಬರತೈತಿ, ಮುಚ್ಚಿಡು.

ನಿನ್ನ ಪ್ರಾಕ್ಟಿಕಲ್ ಇವತ್ತ ಐತಿ ಅಂತ ಮರತಿಲ್ಲ. ‘ಗೇಟ ಮುಚ್ಚಿದ್ರ ಫೀ ಇಳೀತೈತೇನು?’ ಅಂತ ನಿನ್ನೆ ಊಟಕ್ಕ ಕುಂತಾಗ ಕೇಳ್ದಿ. ನನಗ ಸಿಟ್ಟ ಬಂತು. ಆದ್ರ ನಿನ್ನ ಗೆಳತಿ, ಮೋರಟಗಿ ಊರಿನ ನೀಲಗಂಗಾ, ಫೀ ಕಟ್ಟಾಕಾಗದ ಕಾಲೇಜ ಬಿಟ್ಟಾಗ ಅತ್ತಾಕಿ ನೀನೇ ಅಲ್ಲೇನು?

ಕೀಲಿಕೈ ಎರಡು ಅದಾವ. ಒಂದು ನನ್ನ ಹತ್ರ ಐತಿ. ಇನ್ನೊಂದು ನಿನ್ನ ಲ್ಯಾಬಿನ ಏಪ್ರನ್ ಕಿಸೇದಾಗ ಹಾಕೇನಿ. ಯಾಕ ಹಾಕಿದ್ನೋ ನನಗೂ ತಿಳೀವಲ್ದು. ನೀ ಗೇಟ ತೆಗ್ಯಾಕ ಬಂದ್ರ ಅಡ್ಡ ನಿಂದ್ರಾವ ನಾನೇ.

ಕಲ್ಮೇಶ