ಅಂಪೈರ್ ಬೆರಳೆತ್ತುವ ಮೊದಲೇ

ನನ್ನ ಕೈಗೆ ಮೊದಲು ಬ್ಯಾಟ್ ಕೊಟ್ಟ ದೊಡ್ಡಪ್ಪನಿಗೆ,

ಗುಂಡ್ಲುಪೇಟೆ ಮನೆಯ ಮುಂದೆ, ಅರಿಶಿನ ಒಣಗಿಸುವ ಕಣದಲ್ಲಿ ನನಗೆ ಬಾಲ್ ಹಾಕುತ್ತಾ ನೀನು ಒಂದೇ ಕತೆ ಹೇಳುತ್ತಿದ್ದೆ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಇಂಗ್ಲೆಂಡಿನ ಯಾವುದೋ ವಿಶ್ವವಿದ್ಯಾಲಯಕ್ಕೆ ಆಡಿದ ಹುಡುಗನ ಕತೆ. ಕಾಸು ಮುಟ್ಟದೆ ಆಡಿದವನು, ಓದು ಮುಗಿಸಿ ಹಳ್ಳಿಯ ಚರ್ಚಿಗೆ ಪಾದ್ರಿಯಾಗಿ, ಶನಿವಾರ ಶನಿವಾರ ರೈತರ ಜೊತೆ ಆಡುತ್ತಿದ್ದವನು. ಔಟಾದರೆ ಅಂಪೈರ್ ಮುಖ ನೋಡದೆ ತಾನೇ ಹೊರಟುಬಿಡುತ್ತಿದ್ದನಂತೆ. ‘ಬಾಲು ತಾಗಿದ್ದು ನಿನ್ಗೇ ಗೊತ್ತಾಯ್ತದೆ ಕಣಮ್ಮಿ. ಮತ್ಯಾಕೆ ಕಾಯ್ಬೇಕು? ನಡ್ದ್‌ಬುಡು’ ಅನ್ನುತ್ತಿದ್ದೆ. ಆ ಪಾದ್ರಿಗೇನು, ಸುಖವಾಗಿದ್ದ. ನಿನಗೆ ಸಿಕ್ಕಿದ್ದೇನು?

ಮೈಸೂರಿನಲ್ಲಿ ಓದುವಾಗ, ವಿಶ್ವವಿದ್ಯಾಲಯದ ಫೈನಲ್‌ನಲ್ಲಿ ನೀನೂ ಹಾಗೇ ನಡೆದುಬಂದೆ. ಮ್ಯಾಚ್ ಹೋಯಿತು. ಎದುರು ತುದಿಯಲ್ಲಿ ನಿಂತಿದ್ದ ನಿನ್ನ ಜೀವದ ಗೆಳೆಯ ಮಾದಪ್ಪ, ‘ಬಾಲು ತಾಗೇ ಇರ್ಲಿಲ್ಲ, ಬೇಕಂತ್ಲೇ ಸೋಲ್ಸ್‌ಬುಟ್ಟ’ ಎಂದು ಊರೆಲ್ಲ ಹೇಳಿಕೊಂಡು ಬಂದರು. ಜನ ನಂಬಿದರು. ಆಮೇಲೆ ನಿನ್ನನ್ನು ಯಾವ ತಂಡವೂ ಕರೆಯಲಿಲ್ಲ, ನೀನು ಒಂದು ಮಾತೂ ಆಡಲಿಲ್ಲ. ನಿನ್ನ ಮಣ್ಣಿಗೂ ಅವರು ಬರಲಿಲ್ಲ. ಅದನ್ನು ನಾನಿನ್ನೂ ಮರೆತಿಲ್ಲ.

ಮೊನ್ನೆ ಚಾಮರಾಜನಗರದಲ್ಲಿ ವಿಶ್ವವಿದ್ಯಾಲಯದ ಹುಡುಗಿಯರ ತಂಡಕ್ಕೆ ಆಯ್ಕೆ ಇತ್ತು. ಆರಿಸುವವರ ಕುರ್ಚಿಯಲ್ಲಿ ಕೂತಿದ್ದವರು ಅದೇ ಮಾದಪ್ಪ. ನನಗಿದು ಕೊನೆಯ ವರ್ಷ, ಕೊನೆಯ ಅವಕಾಶ. ಆಯ್ಕೆಯ ಪಂದ್ಯದಲ್ಲಿ ಬ್ಯಾಟ್ ಮಾಡುತ್ತಾ ಆಗಷ್ಟೇ ಕೈ ಕುದುರುತ್ತಿತ್ತು, ಬಾಲ್ ಗ್ಲೌಸನ್ನು ಸವರಿಕೊಂಡು ಹೋಯಿತು. ಕೀಪರ್ ಹಿಡಿದು ಕೂಗಿದಳು. ಔಟಿಲ್ಲ ಎಂದು ಅಂಪೈರ್ ಅಡ್ಡಡ್ಡ ತಲೆಯಾಡಿಸಿದರು. ನಿಂತುಬಿಡಲೇ? ನಿಂತರೆ ಯಾರು ಕೇಳುತ್ತಾರೆ? ನಡೆದರೆ ಈ ಮನುಷ್ಯ ನನ್ನನ್ನೂ... ಮನಸ್ಸಿನಲ್ಲೇ ನಿನಗೆ ಚೆನ್ನಾಗಿ ಬೈದೆ. ಬ್ಯಾಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟೆ.

ಮಾದಪ್ಪ ಎದ್ದು ಬಂದರು. ‘ಯಾರಮ್ಮಿ ಇದ್ನ ಕಲ್ಸಿದ್ದು?’ ಅಂದರು. ನಿನ್ನ ಹೆಸರು ಹೇಳಿದೆ, ಬೇಕೆಂದೇ ಜೋರಾಗಿ. ಅವರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ‘ಅವತ್ತು ಬ್ಯಾಟ್ಗೆ ತಾಗಿದ್ ಸದ್ದು ನನ್ಗೂ ಕೇಳಿಸ್ತು ಕಣಮ್ಮಿ. ಸೋತ ಸಿಟ್ನಲ್ಲಿ ಅಂಗಂದ್‌ಬುಟ್ಟೆ. ಆಮ್ಯಾಲೆ ವಾಪಸ್ ತಗಳಕೆ ಬಾಯೇ ಬರ್ಲಿಲ್ಲ’ ಅಂದರು.

ತಂಡದಲ್ಲಿ ನಾನಿಲ್ಲ. ರನ್ ಸಾಲದು ಅಂದರು, ಅದು ನಿಜವೇ. ಭಾನುವಾರ ಅವರು ನಮ್ಮ ಮನೆಗೆ ಬರುತ್ತಾರಂತೆ, ದೊಡ್ಡಮ್ಮನ ಮುಂದೆ ಇದನ್ನೇ ಹೇಳಲು. ಬರಲಿ. ಕೂರಿಸಿ ಕಾಫಿ ಕೊಡುತ್ತೇನೆ. ಆದರೆ ನಿನ್ನ ಪರವಾಗಿ ‘ಹೋಗಲಿ ಬಿಡಿ’ ಎಂದು ಮಾತ್ರ ನಾನು ಹೇಳಲಾರೆ, ದೊಡ್ಡಪ್ಪ. ಅದನ್ನು ನೀನೇ ಹೇಳಬೇಕಿತ್ತು.