ಬಳೆ ತೊಟ್ಟ ಬೇವಿನ ಕಂಬ

ಗಂಗಾವತಿ
೧೪ ನವೆಂಬರ್ ೨೦೨೪

ಪ್ರೀತಿಯ ಸರ್ ಅವರಿಗೆ,

(ಮೊದಲು ವರಸೆ ಕಲಿಸಿದ ಸರ್, ಆಮೇಲೆ ಸಂಸಾರ ಹೂಡಿದ ಗಂಡ; ಹಾಗೆ ಕರೆಯುವ ರೂಢಿ ಮಾತ್ರ ಬಿಟ್ಟಿಲ್ಲ.) ಮೊಣಕಾಲು ನೋವು ಹೇಗಿದೆ? ಮಲೇಶಿಯಾದ ಮಳೆಯಲ್ಲಿ ನೆನೆಯಬೇಡಿ. ನೂಡಲ್ಸ್‌ಗೆ ಶೇಂಗಾ ಹಿಂಡಿ ಕಲಸಿ ನಿಮ್ಮ ಚೀನೀ ಗುರುಗಳನ್ನು ಅಳಿಸಬೇಡಿ. ನಾವಿಲ್ಲಿ ಕ್ಷೇಮ. ಫೋನಿದ್ದೂ ಪತ್ರವೇಕೆ ಅನ್ನುತ್ತೀರಾ? ನಮ್ಮ ಮನೆಯ ಫೋನು ಯಾವಾಗಲೂ ಸ್ಪೀಕರಿನಲ್ಲೇ ಇರುತ್ತದೆ. ಗುರುಗಳು ವಿಂಗ್ ಚುನ್ ಕುಂಗ್‌ಫೂನ ಕೊನೆಯ ವರಸೆ ಕಲಿಸಲು ಇನ್ನೆರಡು ವರ್ಷ ಇರು ಅನ್ನುತ್ತಿದ್ದಾರೆ, ಏನು ಮಾಡಲಿ ಎಂದು ಮೊನ್ನೆ ನೀವು ಕೇಳಿದಾಗಲೂ ಹಾಗೇ. ಅತ್ತೆ "ಇರಪಾ, ನಮಗೇನಾಗೈತಿ, ಅರಾಮ ಅದೇವಿ" ಅಂದರು. ನಾನೂ "ಇರ್ರಿ" ಅಂದೆ.

ವರ ಮಲೇಶಿಯಾದಲ್ಲಿ, ವರಸೆ ಮಾತ್ರ ಇಲ್ಲಿ. ಬೆಳಿಗ್ಗೆ ಮಾಳಿಗೆಯ ಮೇಲೆ ಮೊದಲ ವರಸೆ ಮಾಡುತ್ತೇನೆ: ಮೊಣಕಾಲು ಒಳಕ್ಕೆ ತಿರುಗಿಸಿ, ಪಾದ ಕದಲಿಸದೆ, ಭತ್ತ ತೆನೆಗಟ್ಟುವಷ್ಟು ನಿಧಾನವಾಗಿ ಕೈ ಮುಂದೊಯ್ಯುವುದು. ಪಕ್ಕದ ಮನೆಯ ಮೆಹಬೂಬಬೀ ಕೆಳಗಿನಿಂದಲೇ, "ಯವ್ವಾ ಅಂಜಲಿ, ಯಾರಿಗರೆ ಹೊಡೀತಿಯೋ, ಹಿಂಗ ನಿಂತಿರತಿಯೋ?" ಎನ್ನುತ್ತಾಳೆ.

ಕಂಬದ ಕಥೆ ಕೇಳಿ. ಅಭ್ಯಾಸಕ್ಕೆಂದು ನೀವು ಹಿತ್ತಿಲಲ್ಲಿ ನಿಲ್ಲಿಸಿದ ಮೂರು ಕೈ, ಒಂದು ಕಾಲಿನ ಬೇವಿನ ಕಂಬವಿದೆಯಲ್ಲ, ಕಳೆದ ಮಂಗಳವಾರ ನೋಡಿದರೆ ಅದಕ್ಕೆ ಅರಿಸಿನ, ಕುಂಕುಮ, ಮೂರು ಕೈಗೂ ಹಸಿರು ಬಳೆ! ಅತ್ತೆ "ಬೇವಿನಾಗ ತಾಯಿ ಇರತಾಳ. ಇನ್ನ ಹೊಡದೀ ನೋಡು!" ಎಂದು ಗದರಿಸಿದರು. ನಗು ತಡೆದುಕೊಂಡೆ. ಸಂಜೆ ಒಣಗಿದ ಬಟ್ಟೆ ತರಲು ಹೋದಾಗ ಅವರು ಅದರ ಮುಂದೆ ಕೈಮುಗಿದು ನಿಂತಿದ್ದರು. "ಹುಲಿಗೆಮ್ಮಾ, ನನ್ನ ಮಗನ ಮನಸ ತಿರುಗಸವಾ. ಅವ ಬಂದರ ನಿನ್ನ ಉಡಿ ತುಂಬತೇನಿ." ಬಟ್ಟೆ ಅಲ್ಲೇ ಬಿಟ್ಟು ಸದ್ದಿಲ್ಲದೆ ಒಳಗೆ ಬಂದೆ.

ಕಂಬವಿಲ್ಲದಿದ್ದರೂ ನಡೆದೀತು. ಆದರೆ ಮುಂಗೈಗೆ ಮುಂಗೈ ಅಂಟಿಸಿ, ಕಣ್ಣು ಮುಚ್ಚಿ, ಎದುರಿನವರ ಮನಸ್ಸನ್ನು ಚರ್ಮದಿಂದಲೇ ಓದುವ 'ಚೀ ಸಾವ್' ಒಬ್ಬಳೇ ಹೇಗೆ ಮಾಡಲಿ? (ಹೆಸರು ಕೇಳಿ ಅತ್ತೆ "ಛೀ, ಸಾವು ಅಂತೀರಲ್ಲ, ಬಿಡ್ತು ಅನ್ರಿ" ಎಂದು ಬೈದಿದ್ದರು.) ನಿನ್ನೆ ಕಣ್ಣು ಮುಚ್ಚಿ ಕೈ ಚಾಚಿದೆ. ಗಾಳಿ ತಾಗಿತು. ನಿಮ್ಮ ಎಡಗೈ ಯಾವಾಗಲೂ ತುಸು ತಡವಾಗಿ ತಿರುಗುತ್ತಿತ್ತು. ನನಗೆ ಸಿಗಲೆಂದೇ ತಡ ಮಾಡುತ್ತಿದ್ದಿರೆಂದು ಈಗ ಅನ್ನಿಸುತ್ತಿದೆ.

ಗುರುಗಳಿಗೆ ನನ್ನ ಶರಣು ತಿಳಿಸಿ. ಅತ್ತೆಯ ಆಶೀರ್ವಾದವನ್ನೂ ಮಡಚಿ ಇದರೊಳಗೇ ಇಟ್ಟಿದ್ದೇನೆ.

ನಿಮ್ಮ,
ಅಂಜಲಿ

ತಾ.ಕ.: ಅಂಚೆ ಕಚೇರಿ ಮುಚ್ಚುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಅವತ್ತು ಫೋನಿನಲ್ಲಿ ಅತ್ತೆ "ಇರಪಾ" ಅಂದದ್ದು ಪಕ್ಕದಲ್ಲಿ ನಾನಿದ್ದೆನೆಂದು. ನಾನು "ಇರ್ರಿ" ಅಂದದ್ದು ಅತ್ತೆ ಇದ್ದರೆಂದು. ಈ ಕಾಗದದಲ್ಲಿ ನಮ್ಮ ಮಾತು ಯಾರೂ ಕೇಳಿಸಿಕೊಳ್ಳುತ್ತಿಲ್ಲ. ಕೊನೆಯ ವರಸೆ ಅಲ್ಲೇ ಇರಲಿ. ನೀವು ಬರ್ರಿ.